ಸೇರಿಗೆ ಸಿಗದ ಎಲೆಕೋಸು

ಕಳೆದ ಶ್ರಾವಣದಲ್ಲಿ ಪರಿಚಿತ ಭಕ್ತರ ಮನೆಗೆ ಪ್ರಸಾದಕ್ಕೆಂದು ಹೋಗಿದ್ದೆವು. ಆ ಮನೆಯ ಸೊಸೆ ಹಾಳೆಯೊಂದನ್ನು ನಮ್ಮ ಮುಂದಿಟ್ಟು, “ಗುರುಗಳೇ, ಇಪ್ಪತ್ತೈದು ಜನಕ್ಕೆ ಪಲ್ಯದ ಲೆಕ್ಕ ಬರೆದುಕೊಂಡಿದ್ದೇನೆ. ಎಲ್ಲವೂ ಕಿಲೋದಲ್ಲಿದೆ. ನಮ್ಮ ತರಕಾರಿ ಹಿತ್ತಲಿನದು, ಮನೆಯಲ್ಲಿ ತಕ್ಕಡಿಯಿಲ್ಲ. ಒಂದು ಕಿಲೋ ಎಂದರೆ ಎಷ್ಟು ಲೋಟ?” ಎಂದು ಕೇಳಿದರು. ಶಾಸ್ತ್ರವಿಷಯವಾಗಿದ್ದರೆ ಕೂಡಲೇ ಉತ್ತರಿಸುತ್ತಿದ್ದೆವೇನೋ. ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಾದೆವು. ಅದಕ್ಕೆ ಕಾರಣವುಂಟು.

ಮಠದಲ್ಲಿ ನಾವು ವಿದ್ಯಾರ್ಥಿಗಳಾಗಿದ್ದ ಕಾಲ. ತೂಕಕ್ಕೆ ಕಿಲೋ ಬಂದು ಹತ್ತಾರು ವರ್ಷಗಳಾಗಿದ್ದರೂ ದಾಸೋಹದ ಉಗ್ರಾಣದಲ್ಲಿ ಸೇರು, ಅಚ್ಚೇರು, ಪಾವುಗಳೇ ನಡೆಯುತ್ತಿದ್ದವು. ಜಾತ್ರೆಯ ಒಂದು ದಿನ ತಕ್ಕಡಿ ಧಾನ್ಯದ ಕೋಣೆಯಲ್ಲಿ ಸಿಕ್ಕಿಕೊಂಡಿತ್ತು. ಹತ್ತು ಕಿಲೋ ಹೆಚ್ಚಿದ ಎಲೆಕೋಸು ಬೇಕು, ಎಷ್ಟು ಸೇರು ಅಳೆಯಲಿ ಎಂದು ಅಡುಗೆಯ ಹಿರಿಯರು ಕೇಳಿದರು. ಗಣಿತದಲ್ಲಿ ನಮಗೆ ಆಗ ಬಹಳ ಅಭಿಮಾನ. ನಮ್ಮ ಮಠದ ಸೇರು ಹೆಚ್ಚುಕಡಿಮೆ ಒಂದು ಲೀಟರು ಹಿಡಿಯುತ್ತಿತ್ತು. ಅದರ ತುಂಬ ಅಕ್ಕಿ ತೂಗಿದರೆ 800 ಗ್ರಾಮಿನಷ್ಟು. ಅದೇ ಲೆಕ್ಕದಲ್ಲಿ ಹನ್ನೆರಡೂವರೆ ಸೇರು ಎಂದುಬಿಟ್ಟೆವು.

ಸಣ್ಣಗೆ ಹೆಚ್ಚಿದ ಎಲೆಕೋಸು ಲೀಟರಿಗೆ 300ರಿಂದ 350 ಗ್ರಾಮಿನಷ್ಟು ಮಾತ್ರ ತೂಗುತ್ತದೆ. ಹೀಗಾಗಿ ಕೊಪ್ಪರಿಗೆಗೆ ಬಿದ್ದದ್ದು ನಾಲ್ಕು ಕಿಲೋ ಕೋಸು, ಹತ್ತು ಕಿಲೋದ ಉಪ್ಪು. ಬೇಯಿಸಿದ ಕಡಲೆಬೇಳೆ, ತೆಂಗಿನತುರಿ ಸುರಿದರೂ ಪಲ್ಯ ಸರಿಹೋಗಲಿಲ್ಲ. ಪ್ರಸಾದವನ್ನು ಚೆಲ್ಲುವಂತಿಲ್ಲ. ದೂರದಿಂದ ನಡೆದು ಬಂದ ರೈತರು ಒಂದು ಮಾತೂ ಆಡದೆ ಉಂಡು, ಮೇಲೆ ಮೇಲೆ ನೀರು ಕುಡಿದರು. ಹಿರಿಯರು ನಮ್ಮನ್ನು ಕೊನೆಯ ಪಂಕ್ತಿಯಲ್ಲಿ ಕೂರಿಸಿ ಅದೇ ಪಲ್ಯ ಬಡಿಸಿ, “ತಮ್ಮಾ, ಅಕ್ಕಿ ಸೇರಿನ್ಯಾಗ ಕುಂಡರತೈತಿ, ಕೋಸು ನಿಂದರತೈತಿ” ಎಂದರು. ಬೈಗುಳ ಅಷ್ಟೇ.

ಈ ಸಂಗತಿಯನ್ನು ಆ ತಾಯಿಗೆ ಹೇಳಿ, ಎಲ್ಲ ತರಕಾರಿಗೂ ಒಂದೇ ಲೆಕ್ಕವಿಲ್ಲವೆಂದು ತಿಳಿಸಿದೆವು. ಲೀಟರಿನ ಪಾತ್ರೆಯಲ್ಲಿ ಆಲೂಗಡ್ಡೆಯ ಹೋಳು, ಹೆಚ್ಚಿದ ಈರುಳ್ಳಿ 600 ಗ್ರಾಮಿನ ಮೇಲೆಯೇ ಹಿಡಿಯುತ್ತವೆ. ಅಂಗುಲದಷ್ಟು ಉದ್ದ ಮುರಿದ ಹುರುಳಿಕಾಯಿ 400 ಗ್ರಾಮಿನ ಆಸುಪಾಸು. ಟೊಮೇಟೊ ನೀರಿನ ಕಾಯಿಯಾದ್ದರಿಂದ 700 ಗ್ರಾಮನ್ನೂ ದಾಟುತ್ತದೆ. ಪಾಲಕ್ ಸೊಪ್ಪನ್ನು ಒತ್ತದೆ ತುಂಬಿದರೆ 130 ಗ್ರಾಮಿನಷ್ಟು, ಒತ್ತಿದರೆ ಅದರ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಪಾತ್ರೆಯನ್ನು ಒಂದೆರಡು ಸಲ ಕುಲುಕಬೇಕು, ಅದುಮಬಾರದು. ಹೋಳಿನ ಗಾತ್ರ ಬದಲಾದರೆ ಈ ಅಂಕೆಗಳೂ ಬದಲಾಗುತ್ತವೆ. ಬರೆದ ತೂಕ ಸಿಪ್ಪೆ, ದಂಟು ತೆಗೆದ ಮೇಲಿನದೋ ಮೊದಲಿನದೋ ಎಂಬುದನ್ನೂ ನೋಡಬೇಕು. ಬರೆಯುವವರು ಇದನ್ನು ಹೇಳುವುದೇ ಅಪರೂಪ. ಸೊಪ್ಪಿಗಂತೂ ಬಾಡಿದ ಮೇಲೆಯೇ ಉಪ್ಪು ಹಾಕುವುದು ಕ್ಷೇಮ.

ಇಷ್ಟಾದರೂ ನಮ್ಮ ಅಂಕೆಗಳನ್ನೇ ನಂಬಬೇಡಿ, ಅಂಗಡಿಯವರ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ, ತಮ್ಮದೇ ಡಬ್ಬಿಗೆ ತುಂಬಿ ಗುರುತು ಹಾಕಿಕೊಳ್ಳಿ ಎಂದೆವು. ಮೊನ್ನೆ ಪುನಃ ಆ ಮನೆಗೆ ಹೋದಾಗ ಸ್ಟೀಲಿನ ಡಬ್ಬಿಯ ಮೇಲೆ ಮೊಳೆಯಿಂದ ಗೀರಿದ ನಾಲ್ಕು ಗೆರೆಗಳಿದ್ದವು. ಕುಂಬಳಕಾಯಿಯದು ಇನ್ನೂ ಆಗಿಲ್ಲವೆಂದು ಹೇಳಿ, ಆ ತಾಯಿ ನಮಗೆ ಎಲೆಕೋಸಿನ ಪಲ್ಯ ಬಡಿಸಿದರು.