ಚಿತ್ರ ತೆರೆಯಿತು, ಕುಂಚ ಬರಲಿಲ್ಲ

ಮಕ್ಕಳೇ, ನಾನು ನಿಮ್ಮಂಥವರು ಓದುವ ಪುಸ್ತಕಗಳಿಗೆ ಚಿತ್ರ ಬರೆಯುವವನು. ಮೊದಲು ಕಾಗದದ ಮೇಲೆ ಬರೆಯುತ್ತಿದ್ದೆ, ಈಗ ಬಹುಪಾಲು ಗಣಕಯಂತ್ರದಲ್ಲಿ. ಅದರಲ್ಲಿಯೂ ಕುಂಚ ಇದೆ. ಆದರೆ ಆ ಕುಂಚಕ್ಕೆ ಕೂದಲಿಲ್ಲ. ಅದು ದೊಡ್ಡ ತಂತ್ರಾಂಶದೊಳಗೆ ಸೇರಿಕೊಂಡು ಕೆಲಸ ಮಾಡುವ ಪುಟ್ಟ ತಂತ್ರಾಂಶ. ಒದ್ದೆ ಕಾಗದದ ಮೇಲೆ ಬಣ್ಣ ಹರಡಿದಂತೆ ತೋರಿಸುವ ಒಂದು ಕುಂಚ ನನಗೆ ಬಹಳ ಪ್ರಿಯವಾಗಿತ್ತು. ಮಳೆಮೋಡ ಬರೆಯಲು ಅದೇ ಆಗಬೇಕು.

2007ರಲ್ಲಿ ಹೊಸ ಗಣಕಯಂತ್ರ ತಂದೆ. ಹಳೆಯ ಚಿತ್ರಗಳೆಲ್ಲ ಅದರಲ್ಲಿ ತೆರೆದವು. ಕುಂಚ ಮಾತ್ರ ಬರಲಿಲ್ಲ! ಆಗ ಒಂದು ಪುಸ್ತಕದ ಹದಿನಾರು ಪುಟಗಳಲ್ಲಿ ಒಂಬತ್ತು ಮುಗಿದಿದ್ದವು. ಉಳಿದ ಏಳು ಪುಟಗಳಲ್ಲಿ ಮೋಡ ಬೇರೆ ಬಗೆಯದಾದರೆ ನಿಮ್ಮಂಥವರ ಕಣ್ಣಿಗೆ ಕೂಡಲೇ ಬೀಳುತ್ತದೆ. ದೊಡ್ಡವರಿಗೆ ಬೀಳದಿರಬಹುದು, ಆ ಮಾತು ಬೇರೆ.

ಹೀಗೇಕಾಯಿತು? ಗಣಕಯಂತ್ರದ ಲೆಕ್ಕವನ್ನೆಲ್ಲ ಮಾಡುವುದು ಪ್ರೊಸೆಸರ್ ಎಂಬ ಚಿಪ್. ಕೂಡು, ಹೋಲಿಸು, ಇಲ್ಲಿಂದ ಅಲ್ಲಿಗೆ ಒಯ್ಯಿ ಎಂಬಂಥ ಚಿಕ್ಕ ಚಿಕ್ಕ ಆಜ್ಞೆಗಳು ಮಾತ್ರ ಅದಕ್ಕೆ ಅರ್ಥವಾಗುತ್ತವೆ. ಪ್ರತಿ ಆಜ್ಞೆಗೂ ಒಂದು ಸಂಖ್ಯೆ. ಬೇರೆ ಬಗೆಯ ಪ್ರೊಸೆಸರ್‌ನಲ್ಲಿ ಆ ಸಂಖ್ಯೆಗಳೇ ಬೇರೆ. ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು.

ಆಪಲ್ ಕಂಪನಿಯ ಮ್ಯಾಕ್ ಗಣಕಗಳಲ್ಲಿ 1994ರಿಂದ ಪವರ್‌ಪಿಸಿ ಎಂಬ ಪ್ರೊಸೆಸರ್ ಬಳಕೆಗೆ ಬಂದಿತ್ತು. ಅದನ್ನು ಬಿಟ್ಟು ಇಂಟೆಲ್ ಪ್ರೊಸೆಸರ್‌ಗೆ ಹೋಗುವುದಾಗಿ 2005ರ ಜೂನ್‌ನಲ್ಲಿ ಸ್ಟೀವ್ ಜಾಬ್ಸ್ ಸಾರಿದರು. 2006ರ ಜನವರಿಯಲ್ಲಿ ಮೊದಲ ಯಂತ್ರಗಳು ಬಂದವು. ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಆಗಬೇಕು ಎಂಬುದು ಬದಲಾವಣೆಗೆ ಕಾರಣ. ಹಳೆಯ ತಂತ್ರಾಂಶಗಳ ಗತಿ ಏನು? ಅವುಗಳಿಗೆಂದು ಒಬ್ಬ ದುಭಾಷಿಯನ್ನು ಒಳಗೇ ಕೂರಿಸಿದ್ದರು. ಅದರ ಹೆಸರು ರೊಸೆಟ್ಟಾ. 1799ರಲ್ಲಿ ಈಜಿಪ್ಟಿನಲ್ಲಿ ಸಿಕ್ಕ, ಒಂದೇ ಶಾಸನವನ್ನು ಮೂರು ಲಿಪಿಗಳಲ್ಲಿ ಕೆತ್ತಿದ ಕಲ್ಲಿನ ಹೆಸರು ಇದು.

ದುಭಾಷಿ ನಡುವೆ ಇದ್ದರೆ ಮಾತು ನಡೆಯುತ್ತದೆ, ಆದರೆ ನಿಧಾನ. ಅಚ್ಚಿಗೆ ಕಳುಹಿಸುವ ಎ4 ಹಾಳೆಯಷ್ಟು ಚಿತ್ರದಲ್ಲಿ ಸುಮಾರು 87 ಲಕ್ಷ ಚುಕ್ಕಿಗಳಿರುತ್ತವೆ. ಅಷ್ಟನ್ನೂ ದುಭಾಷಿಯ ಮೂಲಕ ಬದಲಿಸುವುದೆಂದರೆ ಸುಮ್ಮನೆಯೇ? ಹೊಸ ಚಿಪ್‌ನ ಭಾಷೆಯಲ್ಲೇ ಸಿದ್ಧವಾದ ಫೋಟೋಶಾಪ್ 2007ರಲ್ಲಿ ಬಂತು.

ಇಲ್ಲೊಂದು ತಮಾಷೆ ಇದೆ. ದೊಡ್ಡ ತಂತ್ರಾಂಶ ಹೊಸ ಭಾಷೆ ಕಲಿತ ಮೇಲೆ ದುಭಾಷಿ ಎದ್ದು ಹೋದ. ಅದರೊಳಗಿನ ಪುಟ್ಟ ಕುಂಚಕ್ಕೆ ಬರುತ್ತಿದ್ದುದು ಹಳೆಯ ಭಾಷೆ ಮಾತ್ರ! ಅರ್ಧ ಹೊಸದು, ಅರ್ಧ ಹಳೆಯದು ಎಂದರೆ ರೊಸೆಟ್ಟಾ ಒಪ್ಪದು. ನನ್ನ ಕುಂಚ ತಯಾರಿಸಿದವರೋ ಅಂಗಡಿ ಮುಚ್ಚಿಬಿಟ್ಟಿದ್ದರು. ಆದ್ದರಿಂದ ಇಡೀ ತಂತ್ರಾಂಶವನ್ನು ಬೇಕೆಂದೇ ದುಭಾಷಿಯ ಮೂಲಕ ನಡೆಸಿದೆ. ಒಂದು ಮೋಡಕ್ಕೆ ಬಣ್ಣ ಹರಡುವಷ್ಟರಲ್ಲಿ ನನ್ನ ಒಂದು ಲೋಟ ಚಹಾ ಮುಗಿಯುತ್ತಿತ್ತು. ಏಳೂ ಪುಟಗಳನ್ನು ಹಾಗೆಯೇ ಮುಗಿಸಿದೆ. 2011ರಲ್ಲಿ ಬಂದ ಮ್ಯಾಕ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ರೊಸೆಟ್ಟಾ ಇರಲಿಲ್ಲ. 2020ರ ನವೆಂಬರ್‌ನಲ್ಲಿ ಆಪಲ್ ತಾನೇ ರೂಪಿಸಿದ ಎಂ1 ಚಿಪ್‌ನ ಗಣಕಗಳನ್ನು ತಂದಾಗ ಎರಡನೆಯ ರೊಸೆಟ್ಟಾ ಬಂತು. ಪುಟ್ಟ ತಂತ್ರಾಂಶಗಳ ಪಜೀತಿಯೂ ಮತ್ತೆ ಬಂತು.

ಹಾಗಾದರೆ ಚಿತ್ರಗಳು ಹೇಗೆ ತೆರೆದವು? ಚಿತ್ರದ ಕಡತದಲ್ಲಿ ಪ್ರೊಸೆಸರ್‌ಗೆ ಕೊಡುವ ಆಜ್ಞೆಗಳಿರುವುದಿಲ್ಲ, ಬಣ್ಣಗಳ ಸಂಖ್ಯೆಗಳಿರುತ್ತವೆ. ಅಲ್ಲಿಯೂ ಒಂದು ತೊಡಕುಂಟು. 25ನ್ನು ಕನ್ನಡದಲ್ಲಿ ಇಪ್ಪತ್ತೈದು ಎನ್ನುತ್ತೇವೆ, ಇಪ್ಪತ್ತು ಮೊದಲು. ಸಂಸ್ಕೃತದಲ್ಲಿ ಪಂಚವಿಂಶತಿ, ಐದು ಮೊದಲು. ದೊಡ್ಡ ಸಂಖ್ಯೆಗಳನ್ನು ತುಂಡು ಮಾಡಿ ಇಡುವಾಗ ಪವರ್‌ಪಿಸಿ ಮ್ಯಾಕ್‌ಗಳದು ಕನ್ನಡದ ಕ್ರಮ, ಇಂಟೆಲ್‌ನದು ಸಂಸ್ಕೃತದ ಕ್ರಮ. ಕ್ರಮ ತಿಳಿಯದೆ ಓದಿದರೆ 25 ಹೋಗಿ 52 ಆದಂತೆ ಎಲ್ಲವೂ ಕಲಸಿಹೋಗುತ್ತದೆ.

ಟಿಫ್ ಎಂಬ ಬಗೆಯ ಚಿತ್ರಕಡತ ಮಾಡಿದವರು ಇದನ್ನು ಮೊದಲೇ ಯೋಚಿಸಿದ್ದರು. ಕಡತದ ಆರಂಭದಲ್ಲಿ ಇಂಗ್ಲಿಷಿನ ಎರಡು ಅಕ್ಷರಗಳಿರುತ್ತವೆ. ‘ಐ ಐ’ ಇದ್ದರೆ ಇಂಟೆಲ್ ಕ್ರಮ, ‘ಎಂ ಎಂ’ ಇದ್ದರೆ ಮೊಟೊರೊಲಾ ಕ್ರಮ, ಅಂದರೆ ಇನ್ನೊಂದು. ಒಂದೇ ಅಕ್ಷರ ಎರಡು ಸಲ ಏಕೆ? ಯಾವ ಕಡೆಯಿಂದ ಓದುವ ಯಂತ್ರಕ್ಕಾದರೂ ಅದು ಒಂದೇ ರೀತಿ ಕಾಣುತ್ತದೆ, ನಮ್ಮ ‘ವಿಕಟಕವಿ’ಯ ಹಾಗೆ.