ನಂಬದಿರುವುದಕ್ಕೆ ನನ್ನ ಕಾರಣ

ದೇವರಲ್ಲಿ ನಂಬಿಕೆಯಿಲ್ಲವೆಂದು ಹೇಳುವವನನ್ನು ನಮ್ಮ ಜನ ಎರಡು ಬಗೆಯಾಗಿ ನೋಡುತ್ತಾರೆ. ಕೆಲವರು ಅವನನ್ನು ಅಹಂಕಾರಿಯೆಂದು ಎಣಿಸುತ್ತಾರೆ. ಕೆಲವರು ಪಾಶ್ಚಾತ್ಯರ ಪುಸ್ತಕಗಳನ್ನೋದಿ ಕೆಟ್ಟನೆಂದು ಮರುಗುತ್ತಾರೆ. ಎರಡನೆಯ ಮಾತಿಗೆ ಉತ್ತರ ಸುಲಭ. ಜಗತ್ತನ್ನು ಸೃಷ್ಟಿಸಿದವನೊಬ್ಬನುಂಟೆಂಬುದನ್ನು ಈ ನೆಲದ ಲೋಕಾಯತರು ಒಪ್ಪಲಿಲ್ಲ, ಜೈನರೂ ಒಪ್ಪಲಿಲ್ಲ. ಸಾವಿರ ವರ್ಷಗಳಿಂದ ಶ್ರವಣಬೆಳಗೊಳದಲ್ಲಿ ನಿಂತಿರುವ ಬಾಹುಬಲಿ ತನ್ನನ್ನು ತಾನು ಗೆದ್ದ ಮನುಷ್ಯ. ಆದರೆ ನಾನು ಶಾಸ್ತ್ರಗಳನ್ನೋದಿ ಈ ನಿಲುವಿಗೆ ಬಂದೆನೆಂದರೆ ಸುಳ್ಳಾದೀತು. ನನ್ನ ಅಪನಂಬಿಕೆ ಹುಟ್ಟಿದ್ದು ಅಜ್ಜಿಯ ಮುಖವನ್ನು ನೋಡುತ್ತ.

ಆ ಮುಖದ ತುಂಬ ಸಿಡುಬಿನ ಕಲೆಗಳಿದ್ದವು. ಆ ರೋಗವನ್ನು ನಮ್ಮ ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ಅಮ್ಮ ಬಂದಿದ್ದಾಳೆ' ಎನ್ನುತ್ತಿದ್ದರು. ಅಮ್ಮ ಮನೆಯಲ್ಲಿರುವಷ್ಟು ದಿನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಬೇಕು, ಒಗ್ಗರಣೆ ಹಾಕಬಾರದು, ಮಡಿ ಕೆಡಬಾರದು. ರೋಗ ಇಳಿದ ಮೇಲೆ ಮಾರಮ್ಮನಿಗೆ ಮೊಸರನ್ನ, ತಂಬಿಟ್ಟು ಒಪ್ಪಿಸಬೇಕು. ಅಜ್ಜಿ ಇವೆಲ್ಲವನ್ನೂ ತಪ್ಪದೆ ನಡೆಸಿದರಂತೆ. ಅವರು ಉಳಿದರು. ಅವರ ಹಿರಿಯ ಮಗ, ನಾಲ್ಕು ವರ್ಷದ ಹುಡುಗ, ಉಳಿಯಲಿಲ್ಲ.

ಎಲ್ಲೋ ಮಡಿ ತಪ್ಪಿರಬೇಕು, ಅದಕ್ಕೇ ಅಮ್ಮ ಮುನಿದಳು ಎಂದು ಊರಿನವರು ಆಡಿಕೊಂಡರು. ಅಜ್ಜಿ ಆ ಮಾತನ್ನು ನಂಬಿದರು. ನಲವತ್ತು ವರ್ಷ ಕಳೆದ ಮೇಲೂ, ಅಕ್ಕಿ ಆರಿಸುತ್ತ ಕುಳಿತಾಗ, ಆ ದಿನಗಳಲ್ಲಿ ತಾವು ಮಾಡಿರಬಹುದಾದ ತಪ್ಪುಗಳನ್ನು ಹುಡುಕುತ್ತಿದ್ದರು. "ಮರೆತು ಸಾರಿಗೆ ಸಾಸಿವೆ ಸಿಡಿಸಿದ್ದೆನೇನೋ ಮಗು" ಎಂದು ಒಮ್ಮೆ ನನ್ನೊಡನೆ ಹೇಳಿದರು.

ಸಿಡುಬು ಒಂದು ವೈರಸ್ಸಿನಿಂದ ಹರಡುತ್ತಿದ್ದ ರೋಗ. ಅದರ ಘೋರ ರೂಪ ತಗಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಮಡಿ ಮೈಲಿಗೆಗಳ ಭೇದ ಅದಕ್ಕೆ ತಿಳಿಯದು. ಹಸುಗಳಿಗೆ ಬರುವ ಸಿಡುಬಿನ ಕೀವಿನಿಂದ ಮನುಷ್ಯನನ್ನು ಈ ರೋಗದಿಂದ ಕಾಪಾಡಬಹುದೆಂದು ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ತೋರಿಸಿದ. ಸಿಡುಬಿನ ವೈರಸ್ಸಿಗೆ ಮನುಷ್ಯನ ಮೈಯಲ್ಲದೆ ಬೇರೆ ಆಶ್ರಯವಿರಲಿಲ್ಲ. ಆದುದರಿಂದ, ನಮ್ಮವರು 'ದಾಕು' ಎನ್ನುತ್ತಿದ್ದ ಚುಚ್ಚುಮದ್ದನ್ನು ರೋಗಿಯ ಸುತ್ತಮುತ್ತಲಿನವರಿಗೆಲ್ಲ ಹಾಕುತ್ತ ಬಂದಂತೆ ಅದಕ್ಕೆ ನೆಲೆಯೇ ಇಲ್ಲದಾಯಿತು. ಭಾರತದಲ್ಲಿ ಅದರ ಕೊನೆಯ ರೋಗಿಗಳು ಕಂಡದ್ದು 1975ರಲ್ಲಿ. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಸಿಡುಬು ಲೋಕದಿಂದಲೇ ತೊಲಗಿತೆಂದು ಸಾರಿತು. ನನ್ನ ತೋಳಿನ ಮೇಲೆ ಆ ದಾಕಿನ ಗುರುತು ಇನ್ನೂ ಇದೆ. ನನ್ನ ಮಗಳಿಗೆ ಅದನ್ನು ಹಾಕಿಸುವ ಅಗತ್ಯವೇ ಬೀಳಲಿಲ್ಲ.

ಒಂದು ಚಿಟಿಕೆ ಸಾಸಿವೆಗಾಗಿ ಮಗುವನ್ನು ಕೊಲ್ಲುವ ದೇವರನ್ನು ನಾನು ನಂಬಲಾರೆ. ಅದು ಜನರ ಅಜ್ಞಾನ, ನಿಜವಾದ ದೇವರು ಹಾಗಲ್ಲ, ಎಂದು ಆಸ್ತಿಕ ಮಿತ್ರರು ಹೇಳುತ್ತಾರೆ. ಯೋಚಿಸತಕ್ಕ ಮಾತೇ. ಆದರೆ ಕರುಣಾಮಯನೂ ಸರ್ವಶಕ್ತನೂ ಆದವನು ಜೆನ್ನರನೊಬ್ಬ ಹುಟ್ಟಿ ಬರಲೆಂದು ಅಷ್ಟು ಶತಮಾನ ಏಕೆ ಕಾದನೆಂದು ನಾನು ಕೇಳಿದರೆ, ಅವನ ಲೀಲೆಯನ್ನು ಬಲ್ಲವರಾರು ಎನ್ನುತ್ತಾರೆ. ಮಗನನ್ನು ಕಳೆದುಕೊಂಡ ತಾಯಿಯ ಎದುರಿಗೆ ಆ ಮಾತನ್ನಾಡಲು ನನಗೆ ನಾಲಿಗೆ ಬಾರದು.

ಆದರೂ ಇನ್ನೊಂದು ಸಂಗತಿಯನ್ನು ಮುಚ್ಚಿಡಲಾಗದು. ಸಿಡುಬು ಬಂದು ಬದುಕಿದವರಿಗೆ ಅದು ಮತ್ತೆ ಬರುವುದು ತೀರ ಅಪರೂಪ. ಅಜ್ಜಿಗೆ ಈ ವಿಜ್ಞಾನ ತಿಳಿಯದು. ಅಮ್ಮ ತಮ್ಮನ್ನು ಮುಟ್ಟಿ ಬಿಟ್ಟಿದ್ದಾಳೆ, ಇನ್ನು ಭಯವಿಲ್ಲವೆಂದು ನಂಬಿದ್ದರು. ಬಂಧುಗಳೇ ಹೆದರಿ ದೂರವಾದ ಮನೆಗಳಿಗೆ ಹೋಗಿ, ಜಾತಿ ಕೇಳದೆ, ರೋಗಿಗಳ ಮೈಗೆ ಬೇವಿನ ಎಲೆ ಸವರುತ್ತ ರಾತ್ರಿಯೆಲ್ಲ ಕುಳಿತಿರುತ್ತಿದ್ದರಂತೆ. ನಲವತ್ತು ವರ್ಷ ಅವರನ್ನು ಸುಟ್ಟ ನಂಬಿಕೆಯೇ ಆ ಮನೆಗಳಿಗೂ ಅವರನ್ನು ಕರೆದೊಯ್ದಿತ್ತು. ಇದನ್ನು ನೆನೆದಾಗಲೆಲ್ಲ ನನ್ನ ವಾದದ ಸ್ವರ ತಗ್ಗುತ್ತದೆ. ವಾದ ಮಾತ್ರ ಬದಲಾಗುವುದಿಲ್ಲ.

ನನ್ನ ಮಗಳು ಐದು ವರ್ಷದವಳಾಗಿದ್ದಾಗ ತೀವ್ರ ಜ್ವರದಿಂದ ಆಸ್ಪತ್ರೆ ಸೇರಿದಳು. ನನ್ನ ಹೆಂಡತಿ ಮಾರಮ್ಮನಿಗೆ ಹರಕೆ ಹೊತ್ತಳು. ನನಗೆ ಪ್ರಾರ್ಥನೆ ಬರಲಿಲ್ಲ. ಹಣೆಯ ಮೇಲಿನ ಒದ್ದೆ ಬಟ್ಟೆಯನ್ನು ಬದಲಿಸುತ್ತ ಕುಳಿತೆ. ಬೆಳಗಿನ ಜಾವ ಜ್ವರ ಇಳಿಯತೊಡಗಿತು. ವೈದ್ಯರಿಗೂ ದಾದಿಗೂ ಕೈಮುಗಿದೆ. ಇನ್ನೂ ಯಾರಿಗೋ ಕೈಮುಗಿಯಬೇಕೆಂದು ಮನಸ್ಸು ತವಕಿಸಿತು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಹರಕೆ ತೀರಿಸುವ ದಿನ ಮೊಸರನ್ನದ ಪಾತ್ರೆಯನ್ನು ಗುಡಿಯವರೆಗೆ ಹೊತ್ತವನು ನಾನೇ. ಅವರಿಬ್ಬರೂ ಒಳಗೆ ಹೋಗಿ ಬರುವ ತನಕ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ.