ಅಮಾನತ್

ನಮ್ಮ ಮನೆಯ ಸರ್ವರ್ ಎಂದರೆ ದೊಡ್ಡದೇನೂ ಅಲ್ಲ. ಭಾಯಿಜಾನ್ ಡಿಗ್ರಿ ಓದುವಾಗ ಕೊಂಡ ಹಳೆಯ ಡೆಸ್ಕ್‌ಟಾಪ್ ಅಷ್ಟೇ. ಮೇಲೆ ಮನೆ, ಕೆಳಗೆ ಅಬ್ಬಾ ಅವರ ಬಟ್ಟೆ ಅಂಗಡಿ. ಮೇಲಿನ ಕಂಪ್ಯೂಟರಿನ ಫೋಲ್ಡರ್ ಕೆಳಗಿನ ಲ್ಯಾಪ್‌ಟಾಪಿನಲ್ಲಿ 'ಜೆಡ್ ಡ್ರೈವ್' ಎಂದು ಕಾಣುತ್ತದೆ. ಖರೀದಿ ಬಿಲ್ಲು, ಮಾರಾಟದ ಲೆಕ್ಕ, ಉದ್ರಿ ಪುಸ್ತಕ ಎಲ್ಲವೂ ಅದರಲ್ಲೇ. ಭಾಯಿಜಾನ್ ಕೆಲಸಕ್ಕೆಂದು ರಿಯಾದ್‌ಗೆ ಹೋದ ಮೇಲೆ ಅದನ್ನು ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು.

ಕಳೆದ ತಿಂಗಳು 18ರ ಸಂಜೆ ಜೆಡ್ ಡ್ರೈವ್ ಮೇಲೆ ಕೆಂಪು ಗುರುತು ಬಂದಿತ್ತು. ತೆರೆಯಲು ಹೋದರೆ ದಾರಿಯೇ ಸಿಗುತ್ತಿಲ್ಲ ಎಂಬ ಸಂದೇಶ. ಬೆಳಿಗ್ಗೆಯಷ್ಟೇ ಹೊಸ ರೌಟರ್ ಹಾಕಿಸಿ, ವೈಫೈಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಟ್ಟಿದ್ದೆವು. ಮರುದಿನ ಆಡಿಟರ್‌ಗೆ ಲೆಕ್ಕ ಕಳಿಸಬೇಕಿತ್ತು. 20ನೇ ತಾರೀಖು ದಾಟಿದರೆ ಜಿಎಸ್‌ಟಿಆರ್-3ಬಿ ರಿಟರ್ನ್‌ಗೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಗೆ ಬಡ್ಡಿ ಬೇರೆ. ಅಬ್ಬಾ ಸಿಟ್ಟಾಗಲಿಲ್ಲ. "ಕಾಮರ್ಸ್ ಓದ್ತಿದ್ದೀಯಲ್ಲ, ನೋಡು" ಎಂದು ಉರ್ದುವಿನಲ್ಲಿ ಹೇಳಿ ಗಿರಾಕಿಗಳ ಕಡೆ ತಿರುಗಿದರು.

ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ಎಲ್ಲ ಖಾತೆಗಳನ್ನೂ ಒಟ್ಟಿಗೆ ಕೆದಕಬೇಡಿ, ಒಂದೊಂದೇ ನೋಡಿ ಎಂದು ನಮ್ಮ ಅಕೌಂಟೆನ್ಸಿ ಸರ್ ಹೇಳುತ್ತಾರೆ. ನಾನೂ ಹಾಗೇ ಶುರುಮಾಡಿದೆ. ಮೊದಲು ಸರ್ವರಿನ ಐಪಿ ವಿಳಾಸ ನೋಡಿದೆ. 192.168.1.10 ಇದ್ದದ್ದು ಹೊಸ ರೌಟರ್‌ನಿಂದಾಗಿ 192.168.1.14 ಆಗಿತ್ತು. ಜೆಡ್ ಡ್ರೈವ್ ಹಳೆಯ ವಿಳಾಸವನ್ನೇ ಹುಡುಕುತ್ತಿತ್ತು. ಹೊಸ ವಿಳಾಸ ಕೊಟ್ಟೆ, ಆದರೂ ತೆರೆಯಲಿಲ್ಲ. ಲ್ಯಾಪ್‌ಟಾಪಿನಿಂದ ರೌಟರ್‌ಗೆ ಪಿಂಗ್ ಮಾಡಿದೆ, ಉತ್ತರ ಬಂತು. ಸರ್ವರಿನಿಂದ ರೌಟರ್‌ಗೂ ಉತ್ತರ ಬಂತು. ಲ್ಯಾಪ್‌ಟಾಪಿನಿಂದ ಸರ್ವರ್‌ಗೆ ಮಾತ್ರ ಉತ್ತರವಿಲ್ಲ. ಅಂದರೆ ದಾರಿ ಸರಿಯಿದೆ, ಸರ್ವರಿನ ಬಾಗಿಲು ಮುಚ್ಚಿದೆ.

ಇಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಒಂದು ವಿಡಿಯೋ ನೋಡಿ ಸರ್ವರಿನ ಫೈರ್‌ವಾಲ್ ಆಫ್ ಮಾಡಿದೆ. ಈಗ ಪಾಸ್‌ವರ್ಡ್ ಕೇಳಿತು. ಭಾಯಿಜಾನ್ ಇಟ್ಟಿದ್ದ ಪಾಸ್‌ವರ್ಡ್ ನನಗೆ ನೆನಪಿರಲಿಲ್ಲ. ಅದೇ ವಿಡಿಯೋ ಹೇಳಿದಂತೆ ಪಾಸ್‌ವರ್ಡ್ ರಕ್ಷಣೆಯನ್ನೂ ತೆಗೆದು, ಫೋಲ್ಡರ್ ಎಲ್ಲರಿಗೂ ತೆರೆಯುವಂತೆ ಮಾಡಿದೆ. ಜೆಡ್ ಡ್ರೈವ್ ತೆರೆಯಿತು. ಅಂಗಡಿ ಮುಚ್ಚುವ ಮೊದಲೇ ಆಡಿಟರ್‌ಗೆ ಲೆಕ್ಕ ಹೋಯಿತು. ಅಬ್ಬಾ ತಲೆ ಸವರಿ ದುವಾ ಕೊಟ್ಟರು.

ರಾತ್ರಿ ಭಾಯಿಜಾನ್ ಫೋನ್ ಮಾಡಿದಾಗ ಹೆಮ್ಮೆಯಿಂದ ಎಲ್ಲ ಹೇಳಿದೆ. ಅವರು ಹೊಗಳಲಿಲ್ಲ. "ಅಂಗಡಿಯ ವೈಫೈ ಪಾಸ್‌ವರ್ಡ್ ಯಾರ್ಯಾರ ಹತ್ತಿರ ಇದೆ?" ಎಂದು ಕೇಳಿದರು.

ನಮ್ಮ ಅಂಗಡಿಯೊಳಗೆ ಮೊಬೈಲ್ ಸಿಗ್ನಲ್ ಕಡಿಮೆ. ಯುಪಿಐ ಮಾಡುವವರಿಗೆಂದು ಪಾಸ್‌ವರ್ಡನ್ನು ಗೋಡೆಗೇ ಅಂಟಿಸಿದ್ದೇವೆ. ನನ್ನ ಬಾಯಿ ಕಟ್ಟಿತು. ಯಾರ ಮನೆಯ ಮದುವೆಗೆ ಎಷ್ಟು ಸಾಲದ ಬಟ್ಟೆ ಹೋಗಿದೆ, ಯಾರು ಎಷ್ಟು ತಿಂಗಳಿಂದ ಕೊಟ್ಟಿಲ್ಲ ಎಲ್ಲವೂ ಆ ಉದ್ರಿ ಪುಸ್ತಕದಲ್ಲಿದೆ. ಅಂಗಡಿಯಲ್ಲಿ ನಿಂತ ಯಾರೇ ಆಗಲಿ ಅದನ್ನು ಮೊಬೈಲಿನಲ್ಲೇ ಓದಬಹುದಿತ್ತು, ಅಳಿಸಲೂಬಹುದಿತ್ತು.

"ಅದು ನಮ್ಮದಲ್ಲ, ಜನರ ಅಮಾನತ್" ಎಂದರು ಭಾಯಿಜಾನ್. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಫೈಲ್ ಹಂಚಿಕೆಯ ಹಳೆಯ ವ್ಯವಸ್ಥೆಯ ದೋಷದ ಮೂಲಕವೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡಿ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತ್ತೆಂದೂ, ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೂ ನಿಂತಿತ್ತೆಂದೂ ಹೇಳಿದರು.

ಕನ್ನಡ ಪತ್ರಿಕೆಗಳಲ್ಲಿ 'ಅಧಿಕಾರಿ ಅಮಾನತು' ಎಂದು ಓದುವಾಗ ಚಿಕ್ಕಂದಿನಲ್ಲಿ ನನಗೆ ಗೊಂದಲವಾಗುತ್ತಿತ್ತು. ನಮ್ಮ ಮನೆಯ ಮಾತಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಅಂದು ರಾತ್ರಿ ಆ ಪದ ಮನಸ್ಸಿಗೆ ತಾಗಿತು.

ಫೋನ್ ಇಡದೆ ಇಬ್ಬರೂ ಮೊದಲಿನಿಂದ ಶುರುಮಾಡಿದೆವು. ಫೈರ್‌ವಾಲ್ ಮತ್ತೆ ಆನ್ ಮಾಡಿದೆ. ನಿಜವಾದ ಕಾರಣ ಚಿಕ್ಕದು: ರೌಟರ್ ಬದಲಾದ್ದರಿಂದ ಸರ್ವರ್ ಇದನ್ನು ಹೊಸ ಜಾಗವೆಂದು ತಿಳಿದು ನೆಟ್‌ವರ್ಕನ್ನು 'ಪಬ್ಲಿಕ್' ಎಂದು ಗುರುತಿಸಿತ್ತು. ಬಸ್ ಸ್ಟ್ಯಾಂಡಿನಂಥ ಜಾಗದಲ್ಲಿ ಫೈಲ್ ಹಂಚಬಾರದಲ್ಲ, ಅದಕ್ಕೇ ಬಾಗಿಲು ಮುಚ್ಚಿಕೊಂಡಿತ್ತು. ಸೆಟ್ಟಿಂಗ್ಸ್‌ನಲ್ಲಿ ಅದನ್ನು 'ಪ್ರೈವೇಟ್' ಮಾಡಿದೆ. ಪಾಸ್‌ವರ್ಡ್ ರಕ್ಷಣೆ ಮತ್ತೆ ಹಾಕಿ, ಎಲ್ಲರಿಗೂ ಕೊಟ್ಟಿದ್ದ ಅನುಮತಿ ತೆಗೆದು, ಅಬ್ಬಾಗೆ ಬೇರೆ ಯೂಸರ್ ಹೆಸರು ಮಾಡಿದೆ. ರೌಟರ್‌ನಲ್ಲಿ 192.168.1.10 ವಿಳಾಸವನ್ನು ಸರ್ವರ್‌ಗೇ ಕಾಯ್ದಿರಿಸಿದೆ. ಮನೆಯ ವೈಫೈ ಪಾಸ್‌ವರ್ಡ್ ಬದಲಿಸಿ, ಗಿರಾಕಿಗಳಿಗೆ ಗೆಸ್ಟ್ ವೈಫೈ ಆನ್ ಮಾಡಿದೆ. ಅದರಲ್ಲಿ ಇಂಟರ್ನೆಟ್ ಸಿಗುತ್ತದೆ, ನಮ್ಮ ಸರ್ವರ್ ಕಾಣುವುದಿಲ್ಲ.

ಬೆಳಿಗ್ಗೆ ನಡೆದದ್ದನ್ನು ಅಬ್ಬಾಗೆ ಹೇಳಿದೆ. ಅವರು ಏನೂ ಮಾತಾಡದೆ ಗೋಡೆಯ ಹಳೆಯ ಚೀಟಿ ಕಿತ್ತು ಹೊಸದನ್ನು ಅಂಟಿಸಿದರು.

ನಮ್ಮ ಕಾಲೇಜಿನಲ್ಲಿ ಅಂಗಡಿ ಮನೆಗಳಿಂದ ಬರುವವರು ಬಹಳ ಜನ ಇದ್ದೇವೆ. ಮನೆಯ ಕಂಪ್ಯೂಟರ್ ನೋಡಿಕೊಳ್ಳುವುದು ಹೆಚ್ಚಾಗಿ ನಾವೇ. ಫೋಲ್ಡರ್ ತೆರೆದ ಖುಷಿಯಲ್ಲಿ ಅಲ್ಲಿಗೇ ಬಿಡಬೇಡಿ. ನಮ್ಮನ್ನು ಬಿಟ್ಟು ಇನ್ಯಾರಿಗೆ ತೆರೆದಿದೆ ಎಂದೂ ಒಮ್ಮೆ ನೋಡಿ.